ಒಂದೇ ಸಲ ಒತ್ತಿದ್ದು

ಸೋಲದೇವನಹಳ್ಳಿಯ ಆ ಡಿಪ್ಲೊಮಾ ಕಾಲೇಜಿನಲ್ಲಿ ಜ್ಯೋತಿಲಕ್ಷ್ಮಿಯ ಹುದ್ದೆ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಆ ಹೆಸರಿನಿಂದ ಅವಳನ್ನು ಕರೆದವರು ಹದಿನೇಳು ವರ್ಷಗಳಲ್ಲಿ ಒಬ್ಬರೂ ಇಲ್ಲ. ಎಲ್ಲರಿಗೂ ಅವಳು ‘ಕಂಪ್ಯೂಟರ್ ಮೇಡಂ’. ಟ್ಯೂಬ್‌ಲೈಟ್ ಮಿಣುಕಿದರೂ ಅವಳಿಗೇ ಫೋನು, ಪ್ರಿನ್ಸಿಪಾಲರ ಗೋಡೆ ಗಡಿಯಾರ ನಿಂತರೂ ಅವಳಿಗೇ ಫೋನು.

ಓದು ಮುಗಿಸಿದ ಹೊಸದರಲ್ಲಿ ಯಶವಂತಪುರದ ಒಂದು ರಿಪೇರಿ ಅಂಗಡಿಯಲ್ಲಿ ಮಾನಿಟರ್ ಬಿಚ್ಚಿ ಕೂಡಿಸುತ್ತಿದ್ದವಳು ಅವಳು. ಯಂತ್ರ ಎಷ್ಟು ಹಟ ಮಾಡಿದರೂ ಅವಳ ತಾಳ್ಮೆ ಕೆಡುತ್ತಿರಲಿಲ್ಲ. ಕೆಡುತ್ತಿದ್ದುದು ಮನುಷ್ಯರ ಮಾತಿಗೆ. ಪರದೆ ಕಪ್ಪಾದರೆ ‘ಕಂಪ್ಯೂಟರ್ ಸತ್ತೋಯ್ತು’, ಫೈಲ್ ಕಾಣದಿದ್ದರೆ ‘ವೈಫೈ ಹೋಯ್ತು’. ಕೋಗಿಲಿನ ಮನೆಯಿಂದ ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ ತೆಗೆಯುವ ಮೊದಲೇ ಇಂಥ ಮೂರು ಸಾವಿನ ಸುದ್ದಿ ಕೇಳಬೇಕು.

ಅದರಲ್ಲೂ ಸೂಪರಿಂಟೆಂಡೆಂಟ್ ವೀರಬಸಪ್ಪನವರದು ಬೇರೆಯೇ ಲೆಕ್ಕ. ಹಾವೇರಿ ಕಡೆಯವರು, ನಿವೃತ್ತಿಗೆ ಎರಡು ವರ್ಷ. ಹೋದ ತಿಂಗಳು ಅವರ ಪ್ರಿಂಟರ್ ನಿಂತಾಗ ಅವಳು ನೋಡಿ, “ಡ್ರೈವರ್ ಇಲ್ಲ ಸರ್, ಹಾಕ್ತೀನಿ” ಎಂದಿದ್ದಳು. ಹತ್ತು ನಿಮಿಷದ ನಂತರ ಅವರು ಓಡಿ ಬಂದರು.

“ಮೇಡಂ, ಬಸ್ ಶೆಡ್ಡಿಗೆ ಫೋನ್ ಮಾಡಿದ್ನಿರಿ. ಮೂರೂ ಮಂದಿ ಡ್ರೈವರ್ ಅಲ್ಲೇ ಅದಾರಂತ!”

ಪರೀಕ್ಷೆಗೆ ಹಾಲ್ ಟಿಕೆಟ್ ಕೊಡಬೇಕಾದ ಶುಕ್ರವಾರ ಆಫೀಸಿನ ಆರೂ ಕಂಪ್ಯೂಟರಿನಿಂದ ಒಂದು ಹಾಳೆಯೂ ಹೊರಬರಲಿಲ್ಲ. ಎಲ್ಲದರಲ್ಲೂ ‘ಪ್ರಿಂಟರ್ ಆಫ್‌ಲೈನ್’ ಎಂದು ಬರೆದಿತ್ತು. ಹೊರಗೆ ಹುಡುಗರ ಸಾಲು.

“ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?” ಎಂದಳು ಜ್ಯೋತಿಲಕ್ಷ್ಮಿ.

ವೀರಬಸಪ್ಪ ಗಂಟಲು ಸರಿಮಾಡಿಕೊಂಡರು. “ಆಫ್‌ಲೈನ್ ಅಂದ್ರ ಇಂಟರ್ನೆಟ್ ಇಲ್ಲ ಅಂತಲ್ರೀ? ನಿನ್ನೆ ಇಂಟರ್ನೆಟ್ ಸಾವಕಾಶ ಇತ್ತು. ಬೆಳಿಗ್ಗೆ ಬಂದಾವನೇ ಆ ದೀಪದ ಡಬ್ಬಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ನಿರಿ.”

“ಅದು ರೌಟರ್ ಸರ್!” ಅವಳ ದನಿ ಏರಿತು. “ಇಲ್ಲಿರೋ ಒಂದೊಂದು ಮೆಷಿನ್‌ಗೂ ನಂಬರ್ ಹಂಚೋದೇ ಅದು. ಐಪಿ ಅಡ್ರೆಸ್ ಅಂತೀವಲ್ಲ, ಅದು. ನಮ್ ಕೋಗಿಲಲ್ಲಿ ಮನೆ ನಂಬರ್ ಬದಲಾಯಿಸ್ದಾಗ ಪೋಸ್ಟ್ ಎಲ್ಲಾ ಪಕ್ಕದ ಬೀದಿಗೆ ಹೋಗ್ತಿತ್ತು. ಹಂಗೆ, ಪ್ರಿಂಟರ್‌ಗೆ ಈಗ ಹೊಸ ನಂಬರ್ ಸಿಕ್ಕಿದೆ. ಕಂಪ್ಯೂಟರ್‌ಗಳು ಹಳೇ ನಂಬರ್‌ಗೇ ಕಳಿಸ್ತಾ ಕೂತಿವೆ. ಸಿಗ್ತಿಲ್ಲ ಅಂತ ಹೇಳ್ತಿವೆ, ಅದೇ ಆಫ್‌ಲೈನ್!”

ಇದರಲ್ಲಿ ತನ್ನ ತಪ್ಪೂ ಇದೆ ಎಂದು ಅವಳಿಗೆ ಗೊತ್ತಿತ್ತು. ಪ್ರಿಂಟರಿಗೆ ಬದಲಾಗದ ನಂಬರ್ ಕೊಟ್ಟುಬಿಡಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಳು. ಪ್ರತಿದಿನ ಯಾವುದೋ ಟ್ಯೂಬ್‌ಲೈಟ್ ಅಡ್ಡ ಬರುತ್ತಿತ್ತು. ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಐದು ಕಂಪ್ಯೂಟರುಗಳಲ್ಲಿ ಗುಮಾಸ್ತರು ಒತ್ತಿ ಒತ್ತಿ ಪೇರಿಸಿದ್ದ ಪ್ರಿಂಟುಗಳನ್ನೆಲ್ಲ ಅಳಿಸಿದಳು. ಹಾಲ್ ಟಿಕೆಟ್ ಇದ್ದದ್ದು ಆರನೆಯದರಲ್ಲಿ, ವೀರಬಸಪ್ಪನವರ ಕಂಪ್ಯೂಟರಿನಲ್ಲಿ.

“ಸರ್, ನೀವು ಪ್ರಿಂಟ್ ಎಷ್ಟು ಸಲ ಒತ್ತಿದ್ರಿ?”

“ಒಂದ ಸಲರಿ.”

ನಂಬಿದಳು, ಅದರಲ್ಲಿದ್ದುದನ್ನು ಅಳಿಸಲಿಲ್ಲ. ಪ್ರಿಂಟರಿಗೆ ಹಳೆಯ ನಂಬರನ್ನೇ ಕಾಯಂ ಮಾಡಿದಳು. ಯಂತ್ರ ಗುರ್ ಎಂದು ಎದ್ದಿತು, ಮೊದಲ ಹಾಲ್ ಟಿಕೆಟ್ ಹೊರಬಿತ್ತು. ಹುಡುಗರು ಹೋ ಎಂದರು. ಅವಳು ಮೇಲಿನ ಲ್ಯಾಬಿಗೆ ಹೋದಳು.

ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದರೆ ಪ್ರಿಂಟರ್ ಇನ್ನೂ ಓಡುತ್ತಿತ್ತು. ಮೇಜಿನ ಮೇಲೆ, ಕುರ್ಚಿಯ ಮೇಲೆ, ನೆಲದ ಮೇಲೆ ಹಾಲ್ ಟಿಕೆಟ್. ಅದೇ ನೂರ ನಲವತ್ತು ಹುಡುಗರು, ಮತ್ತೆ ಮತ್ತೆ. ಅಟೆಂಡರ್ ಮುನಿಶಾಮಮ್ಮ ಹೊಸ ಪೇಪರ್ ಕಟ್ಟು ಒಡೆದು ಟ್ರೇಗೆ ತುಂಬುತ್ತಿದ್ದಳು.

“ಏನ್ ಮಾಡ್ತಿದ್ದೀರ ಮುನಿಶಾಮಮ್ಮ!”

“ಕೆಂಪು ಲೈಟು ಅತ್ಕೊಂತು ಮೇಡಮ್ಮೋರೆ. ಪೇಪರ್ ಖಾಲಿ ಆದ್ರೆ ಇಂಗೆ ತುಂಬು ಅಂತ ನೀವೇ ಏಳ್ಕೊಟ್ಟಿದ್ದು.”

ಹೌದು, ಹೇಳಿಕೊಟ್ಟಿದ್ದಳು. ಜ್ಯೋತಿಲಕ್ಷ್ಮಿ ಪ್ರಿಂಟರ್ ನಿಲ್ಲಿಸಿ ವೀರಬಸಪ್ಪನವರ ಪರದೆ ನೋಡಿದಳು. ಒಂಬತ್ತು ಸಲ ಒತ್ತಿದ್ದರು.

“ಒಂದೇ ಸಲ ಅಂದ್ರಲ್ಲ ಸರ್!”

“ಮೊದಲನೇದು ಬರ್ಲಿಲ್ಲಲ್ರಿ. ಬರದಿದ್ದದ್ದು ಹೆಂಗ ಲೆಕ್ಕಕ್ಕ ಬರ್ತೈತಿ? ಕಡೀಗೆ ಒತ್ತಿದ್ದೊಂದ ಲೆಕ್ಕ ಹಿಡದ್ನಿರಿ.”

ಅವಳಿಗೆ ತಡೆಯಲಾಗಲಿಲ್ಲ. ಹದಿನೇಳು ವರ್ಷದ್ದೆಲ್ಲ ಒಟ್ಟಿಗೆ ಬಂತು. “ನಿಮ್ಗೆ ಗೊತ್ತಿಲ್ದಿದ್ರೆ ಕೇಳಿ ಸರ್! ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳೋಕೆ ಈ ಆಫೀಸಲ್ಲಿ ಒಬ್ರಿಗೂ ಆಗಲ್ವಾ?” ವೀರಬಸಪ್ಪ ಕನ್ನಡಕ ತೆಗೆದು ಒರೆಸುತ್ತ ಕುಳಿತರು.

ಹುಡುಗರ ಫೋಟೋ, ನಂಬರ್ ಇರುವ ಹಾಳೆಗಳನ್ನು ಹಾಗೇ ರದ್ದಿಗೆ ಹಾಕುವಂತಿರಲಿಲ್ಲ. ಶನಿವಾರ ಮಧ್ಯಾಹ್ನ ಹರಿಯಲು ಕೂತವಳ ಎದುರು ವೀರಬಸಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಅರ್ಧ ಗಂಟೆ ಇಬ್ಬರೂ ಹರಿದರು. ಕೊನೆಗೆ ಅವರೇ ಬಾಯಿ ಬಿಟ್ಟರು.

“ನನಗ ಗೊತ್ತಿಲ್ರೀ, ಮೇಡಂ. ನಾ ಟೈಪ್‌ರೈಟರ್ ಮ್ಯಾಲೆ ಬಂದಾಂವ. ಆ ಡ್ರೈವರ್ ಅಂದ್ರೇನು, ಹೇಳ್ರಿ.”

ಅವಳಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಆದರೂ ಹೇಳಿದಳು. “ಅದೊಂದು ಪ್ರೋಗ್ರಾಂ ಸರ್. ಕಂಪ್ಯೂಟರ್ ಮಾತು ಪ್ರಿಂಟರ್‌ಗೆ ಅರ್ಥ ಆಗಲ್ಲ. ಮಧ್ಯೆ ನಿಂತು ತಿಳಿಸಿ ಹೇಳೋದು ಅದು.”

“ವೈಫೈ, ಇಂಟರ್ನೆಟ್ ಎರಡೂ ಒಂದಲ್ಲ?”

“ಮನೇಲಿ ನಲ್ಲಿ ಇದ್ರೆ ಕಾವೇರಿ ನೀರು ಬಂದ್ಬಿಡುತ್ತಾ? ವೈಫೈ ನಮ್ ಕಟ್ಟಡದ ಒಳಗಿನ ಪೈಪ್ ಇದ್ದಂಗೆ. ಇಂಟರ್ನೆಟ್ ಹೊರಗಿಂದ ಬರ್ಬೇಕು. ಅದಿಲ್ದಿದ್ರೂ ನಮ್ ಪ್ರಿಂಟರ್ ನಡಿಯುತ್ತೆ.”

“ಹಂಗಾರ ನಾ ಒಂಬತ್ತು ಸಲ ಒತ್ತಿದ್ದು?”

“ಎಲ್ಲಾ ಕ್ಯೂನಲ್ಲಿ ನಿಂತಿತ್ತು. ಬಾಗಿಲು ತೆಗೆದ ತಕ್ಷಣ ಒಂದಾದ ಮೇಲೊಂದು ಬಂತು. ಬರ್ಲಿಲ್ಲ ಅಂದ್ರೆ ಮತ್ತೆ ಒತ್ಬೇಡಿ, ಮೊದ್ಲು ಕ್ಯೂ ನೋಡಿ.”

ಅವರು ಕೇಳುತ್ತ ಹೋದರು, ಒಂದೊಂದನ್ನೂ ಎರಡೆರಡು ಸಲ. ಅವಳು ಹಲ್ಲು ಕಚ್ಚಿಕೊಂಡು ಎರಡನೇ ಸಲವೂ ಹೇಳಿದಳು. ಏಳುವಾಗ ಅವರು, “ನಿನ್ನೆ ನೀವು ಬೈದದ್ದು ಛಲೋ ಆತು” ಎಂದರು.

ಬುಧವಾರ ಅವಳಿಗೆ ವೀರಬಸಪ್ಪನವರ ಫೋನು ಬಂತು. “ಮೇಡಂ, ಪ್ರಿಂಟ್ ಬರವಲ್ದು. ಒಂದ ಸಲ ಒತ್ತೀನಿ, ಖರೇನ ಒಂದ ಸಲ. ಕ್ಯೂನಾಗ ಒಂದ ಐತಿ. ಆಫ್‌ಲೈನ್ ಅಂತಿಲ್ಲ. ಐಪಿ ಅಡ್ರೆಸ್ ಅದ ಐತಿ. ಡ್ರೈವರೂ ಐತಿ. ರೌಟರ್ ಮುಟ್ಟಿಲ್ಲ!”

ಇಷ್ಟು ಅಚ್ಚುಕಟ್ಟಾದ ದೂರು ಆ ಕಾಲೇಜಿನಲ್ಲಿ ಅವಳು ಕೇಳಿರಲಿಲ್ಲ. ಏನೋ ದೊಡ್ಡದೇ ಕೆಟ್ಟಿರಬೇಕೆಂದು ಲ್ಯಾಪ್‌ಟಾಪ್ ಹಿಡಿದು ಓಡಿದಳು. ಮುನಿಶಾಮಮ್ಮ ಅಂದು ರಜೆ. ಪ್ರಿಂಟರಿನ ಟ್ರೇ ಎಳೆದು ನೋಡಿದರೆ ಒಳಗೆ ಒಂದು ಹಾಳೆಯೂ ಇರಲಿಲ್ಲ.

ಜ್ಯೋತಿಲಕ್ಷ್ಮಿ ಉಸಿರು ಬಿಟ್ಟು ಪೇಪರ್ ತುಂಬಿದಳು.