ಇಟ್ಟು ಬಂದ ಎಣ್ಣೆ

ನಮ್ಮ ಅತ್ತೆಗೆ ನಾನು ಸುಳ್ಳು ಹೇಳಿದೆ. ಅದೂ ಎಂಥ ಸುಳ್ಳು — ಒಂದೇ ಒಂದು ಅಕ್ಷರದ್ದು. ವಿಮಾನ ನಿಲ್ದಾಣದ ತಪಾಸಣೆಯವನು ಹಿಂದಿಯಲ್ಲಿ "ಬಿಟ್ಟು ಹೋಗಬೇಕು" ಎಂದದ್ದನ್ನು ನಾನು "ಇಟ್ಟು ಹೋಗಬೇಕಂತೆ" ಎಂದು ಕನ್ನಡಕ್ಕೆ ತಂದೆ. ನಾಲಿಗೆ ತಪ್ಪಿ ಬಂದದ್ದಲ್ಲ. ಬೇಕೆಂದೇ ಹೇಳಿದ್ದು.

ನಾನು ಹೊನ್ನಾವರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ತೆಗೆದುಕೊಂಡು ಹೋದ ಪುಸ್ತಕ ತಂದುಕೊಡಿ ಎಂದು ಊರಿಗೆಲ್ಲ ಉಪದೇಶ ಮಾಡುವುದೇ ನನ್ನ ಕಸುಬು. ಮನೆ ಹೊಳೆಯ ನಡುಗಡ್ಡೆ ಮಾವಿನಕುರ್ವೆಯಲ್ಲಿ. ಮಾವನವರು ಇರುವ ತನಕ ಮನೆಯಲ್ಲಿ ದೋಣಿ, ಬಲೆ ಎಲ್ಲ ಇತ್ತು. ಅತ್ತೆ ಮೀನು ಬುಟ್ಟಿ ಹೊತ್ತು ಮಾರಿ ನನ್ನ ಗಂಡನನ್ನೂ ನಾದಿನಿ ಲತಾಳನ್ನೂ ಓದಿಸಿದವರು. ಲತಾಳ ಗಂಡನಿಗೆ ದುಬೈಯಲ್ಲಿ ಕೆಲಸ. ಅವಳಿಗೆ ಅಲ್ಲೇ ಮಗಳು ಹುಟ್ಟಿದಾಗ ಮೊಮ್ಮಗಳನ್ನು ನೋಡಲು ಅತ್ತೆ ಹೊರಟರು. ಜೊತೆಗೆ ನಾನು.

ಅತ್ತೆಗೆ ತಾಯಿಯ ನೆನಪಿಲ್ಲ. ಅವರನ್ನು ಸಾಕಿದವಳು ಅಕ್ಕ ದೇವಕ್ಕ. ದೇವಕ್ಕನನ್ನು ಅಘನಾಶಿನಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಕೆ ವರ್ಷಕ್ಕೊಮ್ಮೆ ಗರಗದ ಸೊಪ್ಪು, ದಾಸವಾಳ, ಮೆಂತೆ ಹಾಕಿ ಕೊಬ್ಬರಿ ಎಣ್ಣೆ ಕುದಿಸುತ್ತಿದ್ದಳು. ತನಗೊಂದು ಬಾಟಲಿ, ತಂಗಿಗೊಂದು. ನಾವು ದುಬೈಗೆ ಹೊರಡುವ ಹಿಂದಿನ ಮಳೆಗಾಲದಲ್ಲಿ ದೇವಕ್ಕ ತೀರಿಕೊಂಡಳು. ಅತ್ತೆಯ ಬಾಟಲಿಯಲ್ಲಿ ತಳಕ್ಕೆ ಎರಡು ಬೆರಳಿನಷ್ಟು ಎಣ್ಣೆ ಉಳಿದಿತ್ತು. ಅದನ್ನು ಅವರು ತಲೆಗೆ ಮುಟ್ಟಿಸುವುದನ್ನೇ ನಿಲ್ಲಿಸಿದರು. "ಕೂಸಿನ ತಲಿಗೆ ಹಚ್ಚಬೇಕು. ದೇವಕ್ಕನ ಕೈ ತಾಗ್ದಂಗೆ ಆಗ್ತದೆ" ಅಂದರು.

ಹೊರಡುವ ದಿನ ಆ ಬಾಟಲಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ದಾರದಿಂದ ಬಿಗಿದು, ನನ್ನ ಕೈಗೆ ಕೊಟ್ಟು, "ಸುಮಾ, ಇದ್ನ ದೊಡ್ಡ ಪೆಟ್ಟಿಗಿಲಿ ಇಡು" ಎಂದರು. ದೊಡ್ಡ ಪೆಟ್ಟಿಗೆಯಲ್ಲಿ ನನ್ನ ಹೊಸ ರೇಷ್ಮೆ ಸೀರೆ ಇತ್ತು. ಎಣ್ಣೆ ಸೋರಿದರೆ? "ಬೇಡ ಅತ್ತೆ, ನಿಮ್ಮ ಕೈಚೀಲದಲ್ಲೇ ಇರಲಿ, ಅಲ್ಲಿ ಭದ್ರ" ಎಂದೆ. ನನಗೆ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊರದೇಶದ ವಿಮಾನಕ್ಕೆ ಕೈಚೀಲದಲ್ಲಿ ನೀರು, ಎಣ್ಣೆ, ಶಾಂಪೂ ಏನೇ ಇದ್ದರೂ ನೂರು ಮಿಲಿಯ ಒಳಗಿನ ಡಬ್ಬಿಯಲ್ಲಿರಬೇಕು. ನನ್ನ ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು — ಎಲ್ಲ ಪುಟ್ಟ ಪುಟ್ಟ ಡಬ್ಬಿಗೆ ಹಾಕಿ, ಪಾರದರ್ಶಕ ಚೀಲದಲ್ಲಿ ಜೋಡಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡವಳು. ಅತ್ತೆಯ ಬಾಟಲಿಯಲ್ಲಿ ಇರುವುದೇ ಇಷ್ಟು ಎಣ್ಣೆ, ಯಾರು ಕೇಳುತ್ತಾರೆ ಎಂದುಕೊಂಡೆ. ಒಂದು ಖಾಲಿ ಪುಟ್ಟ ಡಬ್ಬಿ ನನ್ನ ಹತ್ತಿರ ಇನ್ನೂ ಉಳಿದಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮಂಗಳೂರಿನ ನಿಲ್ದಾಣದಲ್ಲಿ ಅತ್ತೆಯ ಚೀಲ ಯಂತ್ರದೊಳಗೆ ಹೋಗಿ, ಬೇರೆ ಬದಿಗೆ ಸರಿಯಿತು. ತಪಾಸಣೆಯ ಹುಡುಗ ಬಾಟಲಿ ಹೊರತೆಗೆದು, ತಿರುಗಿಸಿ, ಅದರ ಮೇಲೆ ಅಚ್ಚಾದ ಅಳತೆ ತೋರಿಸಿದ. ಇನ್ನೂರು ಮಿಲಿ. ಒಳಗೆ ಇರುವುದು ಸ್ವಲ್ಪವೇ ಅಲ್ಲವೇ ಎಂದೆ. ಲೆಕ್ಕ ಎಣ್ಣೆಯದಲ್ಲ, ಬಾಟಲಿಯದು ಎಂದ. ಒರಟಾಗಿ ಏನೂ ಹೇಳಲಿಲ್ಲ, ಪಾಪ. ವಾಪಸು ಹೋಗಿ ಲಗೇಜಿಗೆ ಹಾಕಿಸಿ ಬರಬಹುದು, ಇಲ್ಲದಿದ್ದರೆ ಇಲ್ಲೇ ಬಿಟ್ಟು ಹೋಗಬೇಕು ಎಂದ.

ಸಮಯವಿತ್ತು. ಇದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ — ಬೇಕಾದಷ್ಟು ಸಮಯವಿತ್ತು. ಆದರೆ ಮತ್ತೆ ಆ ಸಾಲು, ಮತ್ತೆ ಬೆಲ್ಟು, ಮತ್ತೆ ಟ್ರೇ… ಹಿಂದೆ ಜನ ಗೊಣಗುತ್ತಿದ್ದರು. ನನಗೆ ನಾಚಿಕೆ. ಅತ್ತೆ ನನ್ನ ತೋಳು ಹಿಡಿದುಕೊಂಡು ಕೇಳಿದರು, "ಎಂತ ಹೇಳ್ತ ಅಂವ?"

"ಇಲ್ಲೇ ಇಟ್ಟು ಹೋಗಬೇಕಂತೆ ಅತ್ತೆ. ಬರುವಾಗ ಕೊಡ್ತಾರಂತೆ."

ಅವರು ಒಂದು ಕ್ಷಣವೂ ಅನುಮಾನಿಸಲಿಲ್ಲ. ಯಾಕೆ ಅನುಮಾನಿಸುತ್ತಾರೆ? ಅವರ ಕಾಲದಲ್ಲಿ ಕುರ್ವೆಯಿಂದ ಎಲ್ಲಿಗೆ ಹೋಗಬೇಕಾದರೂ ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಪೇಟೆಗೆ ಹೋಗುವವರು ಮೀನು ಬುಟ್ಟಿ, ಒದ್ದೆ ಬಟ್ಟೆ, ಸೀಮೆಎಣ್ಣೆ ಕ್ಯಾನು, ಏನಿದ್ದರೂ ದಡದ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಬರುವಾಗ ತೆಗೆದುಕೊಳ್ಳುತ್ತಿದ್ದರು. ಚೀಟಿ ಇಲ್ಲ, ಬಾಡಿಗೆ ಇಲ್ಲ. ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಅದೆಲ್ಲ ಗೊತ್ತಿದ್ದೇ ನಾನು ಆ ಮಾತು ಆರಿಸಿಕೊಂಡದ್ದು. ಅವರ ನಂಬಿಕೆ ನನಗೆ ಅನುಕೂಲವಾಯಿತು.

"ಆತು, ಇಟ್ಕಳ್ಲಿ" ಎಂದರು ಅತ್ತೆ. ದಾರ ಇನ್ನೊಮ್ಮೆ ಬಿಗಿದು, ಎರಡೂ ಕೈಯಲ್ಲಿ ಬಾಟಲಿಯನ್ನು ಆ ಹುಡುಗನಿಗೆ ಕೊಟ್ಟರು. "ಬಿಸಿಲಿಗೆ ಇಡ್ಬೇಡ ಮಗಾ" ಎಂದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ತಲೆ ಆಡಿಸಿದ. ನಮ್ಮ ಹಿಂದೆ ಭಟ್ಕಳದ ಒಬ್ಬ ಹೆಂಗಸು, ಬುರ್ಖಾದವರು, ನಿಂತಿದ್ದರು. ಅವರಿಗೆ ಹಿಂದಿಯೂ ಬರುತ್ತಿತ್ತು, ಕನ್ನಡವೂ. "ಅಮ್ಮಾ, ಅದು ವಾಪಸು —" ಎಂದು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಹೇಗೆ ನೋಡಿದೆನೋ, ಅವರು ಮಾತು ನುಂಗಿಕೊಂಡು ಅತ್ತೆಯ ಬೆನ್ನು ಸವರಿ ಮುಂದೆ ಹೋದರು. ನಾವು ಹತ್ತು ಹೆಜ್ಜೆ ದಾಟಿರಬಹುದು, ಹಿಂದೆ ಕಸದ ಡಬ್ಬದೊಳಗೆ ಏನೋ ದಡಕ್ಕೆಂದು ಬಿದ್ದ ಸದ್ದಾಯಿತು. ಅತ್ತೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ.

ದುಬೈಯಲ್ಲಿ ಅತ್ತೆ ಮೊಮ್ಮಗಳ ತಲೆಗೆ ಅಂಗಡಿಯ ಎಣ್ಣೆ ಹಚ್ಚಿದರು. ಹಚ್ಚುತ್ತ ಮಗುವಿಗೆ ಸಮಾಧಾನ ಹೇಳಿದರು: "ಈಗ ಇದೇ ಆತು ಚಿನ್ನ. ದೊಡ್ಡಜ್ಜಿ ಎಣ್ಣೆ ಮಂಗ್ಳೂರಲ್ಲಿ ಅದೆ. ನೀ ಊರಿಗೆ ಬಂದಾಗ ಹಚ್ತೆ." ಲತಾ ನನ್ನ ಮುಖ ನೋಡಿದಳು. ನಾನು ಬಾಣಂತಿಗೆ ಗಂಜಿ ತರುತ್ತೇನೆಂದು ಎದ್ದು ಹೋದೆ.

ವಾಪಸು ಬಂದಾಗ ಅತ್ತೆ ನಿಲ್ದಾಣದಲ್ಲೇ ನಿಂತರು. "ಎಣ್ಣೆ?" ಎಂದರು. ಇಳಿದು ಬಂದವರ ದಾರಿಯೇ ಬೇರೆ ಅತ್ತೆ, ತಪಾಸಣೆಯ ಜಾಗಕ್ಕೆ ಟಿಕೆಟ್ ಇದ್ದವರನ್ನು ಮಾತ್ರ ಬಿಡುತ್ತಾರೆ ಎಂದೆ. ಅಷ್ಟೂ ನಿಜ. ನಿಜವನ್ನೇ ಹೇಳಿ ಸುಳ್ಳನ್ನು ಉಳಿಸಿಕೊಳ್ಳುವುದನ್ನು ಅಂದು ಕಲಿತೆ. ಮುಂದಿನ ಸಲ ಹೋಗುವಾಗ ತೆಗೆದುಕೊಂಡರಾಯಿತು ಎಂದು ಅವರೇ ತೀರ್ಮಾನಿಸಿದರು.

ಆ ಮುಂದಿನ ಸಲ ಬರಲೇ ಇಲ್ಲ. ಅತ್ತೆಯ ಮಂಡಿ ಕೈಕೊಟ್ಟಿತು. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಇಷ್ಟು ವರ್ಷವೂ ಅತ್ತೆ ಕೇರಿಯ ಹೆಂಗಸರಿಗೆ ಹೇಳಿಕೊಂಡೇ ಬಂದರು, ತನ್ನ ಎಣ್ಣೆಯನ್ನು ವಿಮಾನದವರು ಇಟ್ಟುಕೊಂಡಿದ್ದಾರೆ ಎಂದು. ಹೇಳುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ. ದೇವಕ್ಕ ಎಲ್ಲಿಯೋ ಒಂದು ಕಡೆ ಇನ್ನೂ ಇದ್ದಾಳೆ ಎಂಬಂತೆ. ಅದನ್ನು ನೋಡಿ ನಾನು, ಸುಳ್ಳಾದರೂ ಒಳ್ಳೆಯದೇ ಮಾಡಿದೆ ಎಂದು… ಛೆ. ಇಂಥ ಸಮಾಧಾನ ಹೇಳಿಕೊಳ್ಳುವುದು ಎಷ್ಟು ಸುಲಭ.

ಹೋದ ತಿಂಗಳು ಪಕ್ಕದ ಮನೆಯ ನಾಗವೇಣಿ ದುಬೈಗೆ ನರ್ಸ್ ಕೆಲಸಕ್ಕೆ ಹೊರಟಳು. ಮಂಗಳೂರಿನಿಂದಲೇ ವಿಮಾನ. ಅತ್ತೆಯ ಸಂಭ್ರಮ ಹೇಳತೀರದು. ತಪಾಸಣೆಯಲ್ಲಿ ಕೇಳಿ ಎಣ್ಣೆ ಇಸಿದುಕೊಂಡು, ಲತಾಳ ಮಗಳಿಗೆ ಮುಟ್ಟಿಸಬೇಕು ಎಂದು ಅವಳಿಗೆ ಒಪ್ಪಿಸಿಬಿಟ್ಟರು. ಆ ಹುಡುಗಿ ಗುಟ್ಟಾಗಿ ನನ್ನ ಹತ್ತಿರ ಬಂದು, "ಅತ್ತಿಗೆ, ಅಲ್ಲಿ ಹಂಗೆಲ್ಲ ಇಟ್ಕಂತ್ರಾ?" ಎಂದಳು. ನೋಡೋಣ ಎಂದು ಜಾರಿಕೊಂಡೆ. ಸಂಜೆ ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಕಟ್ಟುತ್ತಿದ್ದಾರೆ.

"ಇದು ಯಾರಿಗೆ ಅತ್ತೆ? ಲತಾಳಿಗಾ?"

"ಅಲ್ಲ, ಆ ಎಣ್ಣೆ ಇಟ್ಕಂಡ ಹುಡ್ಗಂಗೆ. ಇಷ್ಟ್ ವರ್ಷ ಜಾಗ್ರತಿಲಿ ಇಟ್ಕಂಡಾನೆ. ಬರೀ ಕೈಲಿ ಹೋಗಿ ಕೇಳುದು ಚಂದ ಅಲ್ಲ."

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ. ಅವರ ಪಕ್ಕದಲ್ಲೇ ಕುಕ್ಕರಿಸಿದೆ. ರೇಷ್ಮೆ ಸೀರೆಯಿಂದ ಹಿಡಿದು ಡಬ್ಬದೊಳಗಿನ ಸದ್ದಿನ ತನಕ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಪ್ಪಳದ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಗಂಟು ಬಿಚ್ಚಿದರು. ಆಮೇಲೆ ಕೇಳಿದರು, ಜೋರಾಗಿಯೂ ಅಲ್ಲ, ಅಳುತ್ತಲೂ ಅಲ್ಲ:

"ನೀ ಅವತ್ತೇ ಖರೆ ಹೇಳ್ಬೇಕಾಗಿತ್ತು ಸುಮಾ. ಅಲ್ಲೇ ಅಂಗೈಗೆ ಸುರ್ಕಂಡು ತಲಿಗೆ ಹಚ್ಕಂತಿದ್ದೆ. ತಲಿಗೆ ಹಚ್ಕಂಡದ್ನ ಯಾರು ಕಸ್ಕಂತ್ರು?"

ಆ ದಾರಿ ನನಗೆ ಹೊಳೆದಿರಲಿಲ್ಲ. ಹೊಳೆಯಬಹುದಾಗಿದ್ದ ಅತ್ತೆಗೆ ನಾನು ನಿಜ ಗೊತ್ತಾಗಲು ಬಿಟ್ಟಿರಲಿಲ್ಲ.

ಅತ್ತೆ ಕೈ ಚಾಚಿ ನನ್ನ ನೆತ್ತಿಯ ಮೇಲೆ ಬೆರಳಿಟ್ಟು, ಒಣಗಿದ ಕೂದಲನ್ನು ಸರಿಸಿದರು.

"ನಿಂಗೂ ಒಂಚೂರು ಹಚ್ತಿದ್ದೆ" ಎಂದರು.