ಮುಚ್ಚಳ ಕೂರಿಸಲು ಬಂದವನು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಒಂದು ಡ್ರಮ್ಮಿನ ಮುಚ್ಚಳಕ್ಕೆ ಇಷ್ಟೊಂದು ರಾದ್ಧಾಂತವೇ ಎಂದು ಯಾರೂ ಕೇಳಬಾರದು. ಮುಚ್ಚಳದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಪಾಪ, ಅದು ಕೂರಿಸಿದ ಕಡೆ ಕೂತಿತ್ತು.

ನಾನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡು, ಅದರೊಳಗೆ ಲೇತು, ಆಲೆ ಮರದ ತುಂಡುಗಳು, ಬಣ್ಣಬಣ್ಣದ ಅರಗಿನ ಕಡ್ಡಿಗಳು. ನನ್ನ ಗೆಳೆಯ ಅಕ್ಕೂರಿನವನು, ರೇಷ್ಮೆ ಹುಳ ಸಾಕುತ್ತಾನೆ. ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅಂದಿನಿಂದ ‘ಲೇ’ ಇಲ್ಲದೆ ನಮ್ಮಿಬ್ಬರ ಮಾತು ಶುರುವಾದದ್ದೇ ಇಲ್ಲ. ನಾನು ಸತ್ತರೂ ಅವನು ಹೆಣದ ಮುಂದೆ ನಿಂತು ‘ಏಳ್ಲಾ ಮ್ಯಾಕೆ’ ಅನ್ನುತ್ತಾನೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಅವನ ಮಗನಿಗೆ ಮದುವೆ ಗೊತ್ತಾಯಿತು. ಸಂಬಂಧ ತಂದವನು ಅವನ ಷಡ್ಡಕ. ಹೆಣ್ಣಿನ ಕಡೆಯವರು ಕನಕಪುರದವರು, ದೊಡ್ಡ ಕುಳಗಳು. ನಮ್ಮ ಸೀಮೆಯಲ್ಲಿ ಮದುವೆಯ ಊಟ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಉಳಿಯುವುದು ಬೀಗರೂಟ. ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರಿಗೆ ಹಾಕುವ ಬಾಡೂಟ ಅದು. ಎಲೆಯ ಮೇಲೆ ತುಂಡು ಕಮ್ಮಿ ಬಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಒಂದು ಸಂಜೆ ಅವನು ಫೋನು ಹಿಡಿದುಕೊಂಡು ನನ್ನ ಶೆಡ್ಡಿಗೆ ಬಂದ. ಅದರಲ್ಲಿ ಯಾವುದೋ ದೇಶದ ದಢೂತಿ ಮನುಷ್ಯನೊಬ್ಬ ಡ್ರಮ್ಮಿನೊಳಗೆ ಮಾಂಸ ಇಟ್ಟು, ಮೇಲೆ ಮುಚ್ಚಳ ಹಾಕಿ, ಬರೀ ಹೊಗೆಯಲ್ಲಿ ಬೇಯಿಸುತ್ತಿದ್ದ.

‘ಲೇ, ನೋಡ್ಲಾ ಇಲ್ಲಿ. ಬೀಗ್ರಿಗೆ ಮರಿ ಕಾಲ್ನ ಹಿಂಗ್ ಹೊಗೆ ಕೊಟ್ಟು ಬಡಿಸ್ಬುಟ್ರೆ ಕನಕಪುರ್ದೋರು ಬಾಯ್ ಬುಟ್ಕೊಂಡ್ ಕೂತ್ಕೋಬೇಕು. ನಮ್ ಸೀಮೇಲಿ ಯಾವನೂ ಮಾಡಿಲ್ಲ ಕಣ್ಲಾ. ನಾನೂ ನೀನೂ ಮಾಡ್ಬುಡಾನ.’

‘ಎಲ್ ಮಾಡ್ತೀಯ? ಹುಳಿನ್ ಮನೆ ಪಕ್ಕ ಹೊಗೆ ಹಾಕ್ತೀಯೇನ್ಲಾ?’

‘ಅದ್ಕೇ ಅಲ್ವಾ ನಿನ್ ತಾವ್ ಬಂದಿರೋದು.’

ರೇಷ್ಮೆ ಹುಳಕ್ಕೆ ಹೊಗೆ ಆಗಿಬರುವುದಿಲ್ಲ, ಹುಳದ ಮನೆಯ ಹತ್ತಿರ ಬೀಡಿ ಹಚ್ಚಿದವನಿಗೂ ಬೈಗುಳ ಗ್ಯಾರಂಟಿ. ಹಾಗಾಗಿ ಡ್ರಮ್ಮು ನನ್ನ ಹಿತ್ತಲಿಗೆ ಬಂತು. ಹಾರೋಹಳ್ಳಿಯ ಕಡೆ ಯಾವುದೋ ಫ್ಯಾಕ್ಟರಿಗೆ ಅಡುಗೆ ಎಣ್ಣೆ ತುಂಬಿಕೊಂಡು ಬಂದಿದ್ದ ಡ್ರಮ್ಮು. ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಅವನು ಕಟ್ಟುಗಟ್ಟಲೆ ತಂದು ಹಾಕಿದ. ಅದನ್ನೇ ಉರಿಸಿ ಒಳಗಿನ ಜಿಡ್ಡು, ಹೊರಗಿನ ಬಣ್ಣ ಎರಡನ್ನೂ ಸುಟ್ಟು ಕೆರೆದೆವು. ಬುಡದಲ್ಲಿ ಗಾಳಿಗೆ ತೂತು ಕೊರೆದೆವು, ನಡುವೆ ಜಾಲರಿ ಕೂರಲು ಬೋಲ್ಟು ಬಿಗಿದೆವು. ಅಲ್ಲಿಯವರೆಗೆ ಎಲ್ಲ ಸಲೀಸು. ತಲೆನೋವು ಶುರುವಾದದ್ದು ಮುಚ್ಚಳದಿಂದ.

ಮುಚ್ಚಿಹೋದ ಯಾವುದೋ ರೆಸಾರ್ಟಿನ ಗ್ರಿಲ್ಲಿನ ಮುಚ್ಚಳ ರಾಮನಗರದ ಗುಜರಿ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಕಡಾಯಿ ಬೋರಲು ಹಾಕಿದ ಹಾಗೆ ಇತ್ತು, ನೆತ್ತಿಯಲ್ಲಿ ಹೊಗೆ ಬಿಡಲು ತಿರುಗಿಸುವ ಬಿಲ್ಲೆ. ಹಿಡಿ ಮುರಿದುಹೋಗಿತ್ತು. ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ತಂದು ಡ್ರಮ್ಮಿನ ಮೇಲಿಟ್ಟರೆ ಈ ಕಡೆ ಕೂತರೆ ಆ ಕಡೆ ಏಳುತ್ತದೆ, ಆ ಕಡೆ ಒತ್ತಿದರೆ ಈ ಕಡೆ ಏಳುತ್ತದೆ. ಗೂಡ್ಸ್ ಆಟೋದಿಂದ ಇಳಿಸುವಾಗ ಡ್ರಮ್ಮು ನನ್ನ ಗೆಳೆಯನ ಕೈಜಾರಿ ಬಿದ್ದು ಬಾಯಿ ಸೊಟ್ಟಗಾಗಿತ್ತು. ಒಳಗೆ ಮರದ ದಿಮ್ಮಿ ಒತ್ತಿ ಹಿಡಿ ಎಂದು ಅವನಿಗೆ ಹೇಳಿ, ಹೊರಗಿನಿಂದ ನಾನು ಕೊಡತಿಯಲ್ಲಿ ಬಡಿದೆ. ಮನೆಯೊಳಗಿಂದ ಹೆಂಡತಿ, ‘ಅಕ್ಕಪಕ್ಕದವರು ತಮಟೆ ಅನ್ಕೊಂಡ್ ಬಂದ್ಬುಟ್ಟಾರು’ ಎಂದು ಕೂಗಿದಳು.

ಆದರೂ ಸಂದಿ ಹೋಗಲಿಲ್ಲ. ಕೊನೆಗೆ ತೆಳು ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ, ಡ್ರಮ್ಮಿನ ಬಾಯಿಗೆ ಒಳಗಿನಿಂದ ಒಂದು ಬೆರಳು ಮೇಲೆ ನಿಲ್ಲುವ ಹಾಗೆ ರಿವೆಟ್ ಹೊಡೆದೆ. ಮುಚ್ಚಳ ಆ ಪಟ್ಟಿಯ ಮೇಲೆ ಟೋಪಿಯಂತೆ ಇಳಿಯಬೇಕು. ನೂಲು ತೆಗೆಯುವ ಫಿಲೇಚರಿನಲ್ಲಿ ಬಾಯ್ಲರ್ ಬಾಗಿಲಿಗೆ ಸುತ್ತುವ ಗಾಜಿನೆಳೆಯ ಹಗ್ಗವನ್ನು ಕೇಳಿ ತಂದು ಸಂದಿಗೆ ಸುತ್ತಿದೆ. ಇಷ್ಟಾದರೂ ಡ್ರಮ್ಮಿನ ಬಾಯಿ ಪೂರ್ತಿ ದುಂಡಗಾಗಿರಲಿಲ್ಲವಲ್ಲ, ಮುಚ್ಚಳ ಒಂದೇ ಒಂದು ದಿಕ್ಕಿನಲ್ಲಿ ಮಾತ್ರ ಸರಿಯಾಗಿ ಕೂರುತ್ತಿತ್ತು. ಅದಕ್ಕೆ ಮುಚ್ಚಳದ ಅಂಚಿಗೊಂದು, ಡ್ರಮ್ಮಿಗೊಂದು ಉಳಿಯಲ್ಲಿ ಗೀರು ಹಾಕಿದೆ. ಗೀರಿಗೆ ಗೀರು ಸೇರಿಸಿ ಬಿಟ್ಟರೆ ‘ಗಪ್’ ಎಂದು ಕೂತು, ಹೊಗೆ ನೆತ್ತಿಯ ತೂತು ಬಿಟ್ಟು ಬೇರೆಲ್ಲಿಂದಲೂ ಹೊರಗೆ ಬರುತ್ತಿರಲಿಲ್ಲ.

ಇನ್ನು ಹಿಡಿ. ಬೊಂಬೆ ಮಾಡುವವನು ಮುಚ್ಚಳಕ್ಕೆ ಬೋಳು ಹಿಡಿ ಹಾಕುತ್ತಾನೆಯೇ? ಆಲೆ ಮರದಲ್ಲಿ ಚೆಂದದ ಹಿಡಿ ಕಡೆದು, ಕೆಂಪು, ಹಳದಿ ಅರಗು ಕೊಟ್ಟು, ತಾಳೆಗರಿಯಲ್ಲಿ ಉಜ್ಜಿ ಮಿರಮಿರ ಮಿಂಚಿಸಿ ಕೂರಿಸಿದೆ. ಬಿಸಿಗೆ ಕರಗುತ್ತದೆ ಎಂದೇ ಅರಗನ್ನು ಲೇತಿನಲ್ಲಿ ಮರಕ್ಕೆ ಒತ್ತುತ್ತೇವೆ. ಅದೇ ನನ್ನ ಕಸುಬು. ಆ ಅರಗನ್ನು ತೆಗೆದುಕೊಂಡು ಹೋಗಿ ಬೆಂಕಿಯ ನೆತ್ತಿಯ ಮೇಲೆ ಇಟ್ಟಿದ್ದೆ! ಮೊದಲ ಸಲ ಕೋಳಿ ಇಟ್ಟು ಹೊಗೆ ಹಾಕಿ, ಮುಚ್ಚಳ ತೆಗೆಯಲು ಹಿಡಿದೆ ನೋಡಿ, ಅಯ್ಯಯ್ಯೋ, ಅಂಗೈಗೆಲ್ಲ ಕೆಂಪು ಅಂಟು. ನನ್ನ ಗೆಳೆಯ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

‘ಲೇ ಬೊಂಬೆ, ಮದ್ರಂಗಿ ಹಚ್ಚಿದ್ ಮದ್ಲಗಿತ್ತಿ ಕೈ ಆದಂಗಾಯ್ತಲ್ಲೋ!’ ಎಂದು ನಕ್ಕವನೇ ಓಡಿಹೋಗಿ ತಣ್ಣೀರು ತಂದು ನನ್ನ ಕೈ ಅದ್ದಿ ಹಿಡಿದ. ಅರಗನ್ನು ಉಗುರಿನಲ್ಲಿ ಮೆಲ್ಲಗೆ ಬಿಡಿಸಿದವನೂ ಅವನೇ. ಆ ಕೋಳಿಯ ಮೊದಲ ತುಂಡನ್ನು ನನ್ನ ಬಾಯಿಗೆ ಇಟ್ಟವನೂ ಅವನೇ. ಇದನ್ನು ಬರೆಯದೆ ಬಿಟ್ಟರೆ ನನ್ನ ಲೆಕ್ಕವೇ ತಪ್ಪಾಗುತ್ತದೆ.

ಹಿಡಿಯ ಜಾಗಕ್ಕೆ ಸದ್ಯಕ್ಕೆ ತಂತಿ ಸುತ್ತಿದೆವು. ಬೀಗರೂಟದ ಹೊತ್ತಿಗೆ ಬೇರೆ ಹಿಡಿ ಮಾಡಿಕೊಡುತ್ತೇನೆ ಎಂದಿದ್ದೆ.

ಮದುವೆಗೆ ನಾವು ಗಂಡ ಹೆಂಡತಿ ಹೋದೆವು. ಊಟದ ಪಂಕ್ತಿಯಲ್ಲಿ ಅವನು ಒಬ್ಬೊಬ್ಬರ ಎಲೆಯ ಮುಂದೆಯೂ ನಿಂತು, ‘ಭಾನ್ವಾರ ಬಾಡೂಟ, ತಪ್ಪುಸ್ಬೇಡಿ’ ಎಂದು ಕರೆಯುತ್ತಾ ಬಂದ. ನನ್ನ ಎಡಕ್ಕೆ ಕೂತವರನ್ನು ಕರೆದ. ನನ್ನ ಬಲಕ್ಕೆ ಕೂತವರನ್ನು ಕರೆದ. ನನ್ನ ಹೆಗಲ ಮೇಲೆ ಕೈಯಿಟ್ಟು ಒಂದು ಸಲ ಅದುಮಿ ಮುಂದೆ ಹೋದ. ನನಗೆ ಎದೆ ಉಬ್ಬಿತು.

ಮನೆಗೆ ಬಂದ ಮೇಲೆ, ಅವನನ್ನು ಅಣ್ಣ ಎಂದೇ ಕರೆಯುವ ನನ್ನ ಹೆಂಡತಿ ಕೇಳಿದಳು, ‘ಅಣ್ಣ ಕರೆದ್ರಾ ಭಾನ್ವಾರಕ್ಕೆ?’

‘ಮನೆಯವರನ್ನ ಯಾರಾದ್ರೂ ಕರೀತಾರೇನೇ? ಹೊರಗ್ನೋರನ್ನ ಕರೀತಾರೆ,’ ಅಂದೆ.

ಅದು ಸುಳ್ಳೇನಲ್ಲ. ನಮ್ಮಲ್ಲಿ ಹಾಗೆಯೇ. ಅಣ್ಣತಮ್ಮಂದಿರನ್ನು ಕರೆಯಲು ಹೋದರೆ ‘ನಾವೇನ್ ನೆಂಟ್ರಾ?’ ಎಂದು ಮುನಿಸಿಕೊಳ್ಳುತ್ತಾರೆ. ಅವನು ಬಂದು ಡ್ರಮ್ಮನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಹೋದಾಗಲೂ ‘ಬಾ’ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆ ವಾರವೆಲ್ಲ ಹಿಡಿ ಕಡೆದೆ. ಈ ಸಲ ಬಣ್ಣವಿಲ್ಲ, ಅರಗಿಲ್ಲ, ಬರೀ ಮರ. ಅಂಗೈಗೆ ಹೊಂದುವ ಹಾಗೆ ಮತ್ತೆ ಮತ್ತೆ ತೀಡಿದೆ.

ಭಾನುವಾರ ಬೆಳಗ್ಗೆಯೇ ಹಿಡಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ಬೆಂಕಿ ಹದಕ್ಕೆ ತರಬೇಕು, ನೀನು ಮಧ್ಯಾಹ್ನದ ಬಸ್ಸಿಗೆ ಬಾ ಎಂದು ಹೆಂಡತಿಗೆ ಹೇಳಿದೆ.

ಅವನ ಮನೆಯ ಮುಂದೆ ಶಾಮಿಯಾನ, ಹಿಂದೆ ಸೌದೆ ಒಲೆಗಳ ಮೇಲೆ ದೊಡ್ಡ ದೊಡ್ಡ ಪಾತ್ರೆಗಳು. ಆ ಫಸಲಿನ ಗೂಡು ಮಾರಿಯಾಗಿತ್ತು, ಹುಳದ ಮನೆ ಖಾಲಿ, ಹೊಗೆಗೆ ಅಡ್ಡಿಯಿರಲಿಲ್ಲ. ನಮ್ಮ ಡ್ರಮ್ಮನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಳದ ನಡುವೆ ಇಟ್ಟಿದ್ದರು. ಅದರ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಅವನ ಷಡ್ಡಕ ನಿಂತಿದ್ದ. ಮುಚ್ಚಳವನ್ನು ಅಡ್ಡಾದಿಡ್ಡಿ ಇಟ್ಟಿದ್ದ. ಸುತ್ತಲಿನ ಸಂದಿಯಿಂದ ಹೊಗೆ ಬುಸುಬುಸು ಬರುತ್ತಿತ್ತು. ಕುರ್ಚಿಗಳಲ್ಲಿ ಕೂತ ಬೀಗರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನನ್ನ ಗೆಳೆಯ ನನ್ನನ್ನು ನೋಡಿದ. ಎದ್ದು ಬಂದ. ಕೈ ಮುಗಿದ.

‘ಓಹೋ, ಬನ್ನಿ, ಬನ್ನಿ. ಕೂತ್ಕೊಳಿ. ಕಾಫಿ ತಕ್ಕೊಳಿ.’

ಯಾರಿಗೆ ಹೇಳುತ್ತಿದ್ದಾನೆ ಎಂದು ಹಿಂತಿರುಗಿ ನೋಡಿದೆ. ನನ್ನ ಹಿಂದೆ ಬೇಲಿಯಿತ್ತು.

ಅವನ ತೋಳು ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ‘ಏನ್ಲಾ ಇದು? ಯಾರಿಗ್ಲಾ ಬನ್ನಿ ಅಂತಿದ್ದೀಯ?’

‘ಒಸಿ ಮೆಲ್ಲುಕ್ ಮಾತಾಡ್ಲಾ.’ ಅವನು ಅತ್ತಿತ್ತ ನೋಡಿದ. ‘ನಿನ್ನ ಕರ್ದಿರ್ನಿಲ್ವಲ್ಲ. ಯಾಕ್ ಬಂದೆ?’

ಪೇಪರಿನಲ್ಲಿ ಸುತ್ತಿದ್ದ ಹಿಡಿಯನ್ನು ಎತ್ತಿ ಅವನಿಗೆ ತೋರಿಸಿದೆ.

‘ಡ್ರಮ್ಮು ತಾನೇ ಮಾಡಿದ್ದು ಅಂತ ನಮ್ ಷಡ್ಡಕ ಬೀಗ್ರ ತಾವ್ ಹೇಳ್ಕಬುಟ್ಟವ್ನೆ ಕಣ್ಲಾ. ಸಂಬಂಧ ತಂದೋನು, ಇಲ್ಲ ಅನ್ನಕಾಯ್ತದಾ? ನಾನೂ ಹೂಂ ಅಂದ್ಬುಟ್ಟೆ. ನೀನ್ ಬಂದ್ರೆ ಸುಮ್ಕಿರಾಕಿಲ್ಲ. ನಿನ್ ಸಿಟ್ಟು ನಂಗ್ ಗೊತ್ತಿಲ್ವಾ? ಅದ್ಕೇ ಕರೀನಿಲ್ಲ. ಇದೊಂದ್ ದಿನ ಹೊಂದ್ಕೊಂಡ್ ಹೋಗ್ಲಾ.’

ನನ್ನ ಸಿಟ್ಟು! ಬಾಲ್ಯದಿಂದ ಅವನ ಪರವಾಗಿ ಎಷ್ಟು ಜನರ ಮೇಲೆ ಅದನ್ನು ಖರ್ಚು ಮಾಡಿದ್ದೆನೋ, ಇವತ್ತು ಅದೇ ನನ್ನನ್ನು ಹೊರಗಿಡಲು ನೆಪವಾಗಿತ್ತು. ಮದುವೆ ಮನೆಯಲ್ಲಿ ಹೆಗಲ ಮೇಲೆ ಬಿದ್ದ ಆ ಕೈ ನೆನಪಾಯಿತು. ನೀನು ನಮ್ಮವನು ಎಂದು ಅದುಮಿದ ಕೈ ಅಂದುಕೊಂಡಿದ್ದೆ. ನೀನು ಬರಬೇಡ ಎಂದು ಬಾಯಿಬಿಟ್ಟು ಹೇಳಲಾರದ ಕೈ ಅದು. ನನಗೆ ಆಗ ಎಷ್ಟು ಅವಮಾನವಾಯಿತೋ, ಈಗ ಬರೆಯುವಾಗಲೂ ಅಷ್ಟೇ ಆಗುತ್ತಿದೆ. ಅವನು ಹೆದರಿದ್ದ ಸಿಟ್ಟು ಮಾತ್ರ ಅವತ್ತು ಬರಲೇ ಇಲ್ಲ.

ಹೊರಡೋಣ ಎಂದು ಅಂಗಳಕ್ಕೆ ಬಂದೆ. ಹೊಗೆ ಇನ್ನೂ ಸಂದಿಯಿಂದ ಸೋರುತ್ತಿತ್ತು, ಒಳಗೆ ಮರಿಯ ಕಾಲುಗಳು ಹಸಿಯಾಗಿಯೇ ಉಳಿಯುತ್ತಿದ್ದವು. ಕೈ ಕೇಳಲಿಲ್ಲ. ಹೆಗಲ ಟವೆಲ್ಲಿನಲ್ಲಿ ತಂತಿ ಹಿಡಿದು ಮುಚ್ಚಳ ಎತ್ತಿ, ಗೀರಿಗೆ ಗೀರು ಸೇರಿಸಿ ಬಿಟ್ಟೆ. ಗಪ್ ಎಂದು ಕೂತಿತು. ಸಂದಿಯಲ್ಲಿ ಸೋರುವುದು ನಿಂತು, ಹೊಗೆ ನೆತ್ತಿಯ ತೂತಿನಿಂದ ನೀಟಾಗಿ ಮೇಲಕ್ಕೆ ಹೋಯಿತು.

‘ಪರ್ವಾಗಿಲ್ವೇ!’ ಅಂದರು ಹಿರಿಯ ಬೀಗರು. ‘ಯಾರ್ ಇವ್ರು?’

ನಾನು ಗೆಳೆಯನ ಮುಖ ನೋಡಿದೆ. ನನ್ನ ಫ್ರೆಂಡು ಅಂದರೆ ಸಾಕಾಗಿತ್ತು. ಡ್ರಮ್ಮು ಮಾಡಿದವನು ಎನ್ನುವುದೂ ಬೇಡವಾಗಿತ್ತು.

‘ಇವ್ರಾ?’ ಅಂದ. ‘ಮುಚ್ಚಳ ಕೂರ್ಸಾಕ್ ಬಂದವ್ರೆ.’

ನಾನು ಗೇಟು ದಾಟುವಾಗ ಯಾರೋ ಹೆಂಗಸರು, ‘ಊಟ ಮಾಡ್ಕೊಂಡ್ ಹೋಗಿ’ ಎಂದರು. ಬೀಗರೂಟದ ಮನೆಯಿಂದ ಹಸಿದು ಹೋಗುವವನನ್ನು ನಮ್ಮ ಕಡೆ ದಾರಿಗೆ ಅಡ್ಡ ನಿಂತು ತಡೆಯುತ್ತಾರೆ. ಗೆಳೆಯ ಬರಬಹುದು ಎಂದು ಮೆಲ್ಲಗೇ ನಡೆದೆ. ಬರಲಿಲ್ಲ.

ಅಕ್ಕೂರಿನ ಬಸ್ ಸ್ಟಾಪಿನಲ್ಲಿ ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಬಸ್ಸು ಬಂತು, ಹೆಂಡತಿ ಇಳಿದಳು. ಮದುವೆಗೆ ಉಟ್ಟಿದ್ದಕ್ಕಿಂತ ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದಳು, ಅವನ ಹೊಸ ಸೊಸೆಗೆ ಕೊಡಲು ಒಂದು ಜೊತೆ ಬೊಂಬೆ ಕಟ್ಟಿಕೊಂಡು ಬಂದಿದ್ದಳು. ನನ್ನ ತೊಡೆಯ ಮೇಲಿನ ಪೇಪರ್ ಪೊಟ್ಟಣ ನೋಡಿದಳು.

‘ಹಿಡಿ ಹಾಕ್ಲಿಲ್ವಾ? ಇಲ್ಯಾಕ್ ಕೂತಿದ್ದೀರಿ? ಅಣ್ಣ ಏನಾದ್ರೂ ಅಂದ್ರಾ?’

‘ಇಲ್ಲ ಕಣೆ,’ ಅಂದೆ. ‘ಬನ್ನಿ ಅಂದ.’

‘ಬನ್ನಿ ಅಂದ್ರಾ?’

‘ಹೂಂ. ಕೂತ್ಕೊಳಿ, ಕಾಫಿ ತಕ್ಕೊಳಿ ಅಂದ.’

ಅವಳು ಬೊಂಬೆಯ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡಳು. ಸೆರಗು ಸರಿಮಾಡಿಕೊಂಡು ರಸ್ತೆ ದಾಟಿ, ಚನ್ನಪಟ್ಟಣದ ಬಸ್ಸು ನಿಲ್ಲುವ ಕಡೆ ಹೋಗಿ ನಿಂತಳು.