ಹುಳ ಮುಟ್ಟಿದ ಮೋತ್ಯಾ

ಹುಬ್ಬಳ್ಳಿಯ ನಮ್ಮ ಓಣಿಯ ಮೂಲೆಯಲ್ಲಿ ಕಬ್ಬಿನ ಹಾಲು ಮಾರುವ ಗಾಡಿಯೊಂದು ನಿಲ್ಲುತ್ತದೆ. ಅದರ ಹಿಂದೆ ಹಿಂಡಿದ ಸಿಪ್ಪೆಯ ಗುಂಪಿ ಬಿದ್ದಿರುತ್ತದೆ. ಮೋಡ ಕವಿದು ನಾಲ್ಕು ಹನಿ ಉದುರಿದ ಸಂಜೆ ಆ ಸಿಪ್ಪೆಯಿಂದ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಸ್ವಲ್ಪ ಕೊಳೆತದ್ದು. ಅದು ಮೂಗಿಗೆ ಬಡಿದರೆ ಸಾಕು, ಕಾಯಿಪಲ್ಲೆಯ ಚೀಲ ಕೈಯಲ್ಲಿ ಹಿಡಿದುಕೊಂಡೇ ನಾನು ಬೋರಗಾಂವದ ನಮ್ಮ ಹೊಲದಲ್ಲಿ ನಿಂತಿರುತ್ತೇನೆ. ಕಬ್ಬು ಕಡಿದ ಮೇಲೆ ನೆಲದ ತುಂಬ ಉಳಿಯುವ ಒಣಗರಿಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಇಬ್ಬನಿಗೆ ನೆನೆದ ರವದಿಯದೂ ಇದೇ ವಾಸನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಎಲ್ಲಿಯೋ ನಿಂತವರನ್ನು ಎಲ್ಲಿಗೋ ಹೊತ್ತೊಯ್ಯುವಂಥದು. ನನಗಂತೂ ಅದು ಬಂದಾಗಲೆಲ್ಲ ಮೊದಲು ಹೆದರಿಕೆ ಹುಟ್ಟುತ್ತದೆ, ಆಮೇಲೆ ಮನೆ ನೆನಪಾಗುತ್ತದೆ.

ನಮ್ಮ ಮನೆ ಊರೊಳಗೆ ಇರಲಿಲ್ಲ, ಹೊಲದಲ್ಲೇ ಇತ್ತು. ಗಾಳಿ ನಮ್ಮ ಕಡೆ ಬೀಸಿದ ದಿನ ಊರಿನ ಮಗ್ಗಗಳ ಸದ್ದು ಪಡಸಾಲೆಯವರೆಗೂ ಬರುತ್ತಿತ್ತು. ಇಲ್ಲದಿದ್ದರೆ ಕಬ್ಬಿನ ಗರಿಗಳ ಸರಸರ, ಎಮ್ಮೆಗಳ ಉಸಿರು, ಅಷ್ಟೇ. ಅಪ್ಪ, ಅವ್ವ, ಅಪ್ಪನ ತಮ್ಮ ಬಾಳು ಕಾಕಾ, ನಾನು, ಮತ್ತು ನಮ್ಮೆಲ್ಲರ ಮೇಲೆ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಅವಳ ರಾಜ್ಯದಲ್ಲಿ ಕೆಲವು ಶಬ್ದಗಳು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಹಾವಿಗೆ ಹಾವು ಎನ್ನಬಾರದು, ಹುಳ ಎನ್ನಬೇಕು. ಅದು ಕಚ್ಚಿತು ಎನ್ನಬಾರದು, ಮುಟ್ಟಿತು ಎನ್ನಬೇಕು. ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂಬುದು ಅವಳ ನಂಬಿಕೆ. ನಾನು ಶಾಲೆಯ ಪಾಠ ಓದುವಾಗ ಸಹ ಆ ಶಬ್ದ ಬಂದಲ್ಲಿ ಹುಳ ಎಂದೇ ಓದುತ್ತಿದ್ದೆ, ಇಲ್ಲದಿದ್ದರೆ ತಲೆಗೆ ಮೊಟಕುತ್ತಿದ್ದಳು. ಹೀಗೆ ಎಲ್ಲರನ್ನೂ ಹದ್ದುಬಸ್ತಿನಲ್ಲಿಟ್ಟವಳು ಸೋಲುತ್ತಿದ್ದದ್ದು ಮೋತ್ಯಾನ ಮುಂದೆ ಮಾತ್ರ. ಮೋತ್ಯಾ ನಮ್ಮ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋತಾಡುವುದು. ಅಂಥ ಚೆಲುವನೇನಲ್ಲ. ಆದರೆ ಅವನ ರೊಟ್ಟಿಗೆ ಹಾಲು ಹಾಕಿದಿರೋ ಇಲ್ಲವೋ ಎಂದು ಆಯಿ ದಿನಾ ಕೇಳುತ್ತಿದ್ದಳು. ನಾನು ಉಂಡೆನೋ ಇಲ್ಲವೋ ಎಂದು ಅಷ್ಟು ಕೇಳಿದ್ದು ನೆನಪಿಲ್ಲ.

ಅದು ಎಂಬತ್ತರ ದಶಕದ ಕೊನೆ, ನಾನು ಶಾಲೆಯಲ್ಲಿ ಐದನೇ ಇಯತ್ತೆ. ಚಳಿಗಾಲ, ಕಬ್ಬು ಕಡಿದು ಮುಗಿದಿತ್ತು. ಅಂದು ಮುಂಜಾನೆ ಅಪ್ಪನ ಬೆನ್ನಿಗೆ ನಾನೂ ಹೊಲಕ್ಕೆ ಹೋಗಿದ್ದೆ, ಮೋತ್ಯಾ ಮುಂದೆ ಮುಂದೆ. ಇಲಿಯ ವಾಸನೆ ಹಿಡಿದನೋ ಏನೋ, ಬದುವಿನ ಹತ್ತಿರ ರವದಿಯೊಳಗೆ ಮೂತಿ ತೂರಿಸಿದ. ಆಗ ಸೈಕಲ್ ಟ್ಯೂಬಿನಿಂದ ಒಮ್ಮೆಲೇ ಗಾಳಿ ಬಿಟ್ಟಂಥ ಸದ್ದು ಕೇಳಿತು. ಉದ್ದನೆಯ ಸದ್ದು. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅಷ್ಟರಲ್ಲಿ ಮೋತ್ಯಾ ಕುಂಯ್ ಎಂದು ಜಿಗಿದು ಬಂದು ಮುಂಗಾಲಿನಿಂದ ಮೂತಿ ಕೆರೆದುಕೊಳ್ಳತೊಡಗಿದ. ರವದಿಯ ಮೇಲೆ ಹೊರಳುತ್ತಿದ್ದುದನ್ನು ನಾನು ಕಂಡೆ. ದಪ್ಪ ಮೈ, ಅದರ ಮೇಲೆ ಸರಪಳಿಯಂತೆ ಕಂದು ಗುಂಡುಗಳು. "ಘೋಣಸ," ಎಂದ ಅಪ್ಪ, ಮೆಲ್ಲಗೆ. ಕೊಳಕುಮಂಡಲಕ್ಕೆ ನಮ್ಮ ಕಡೆಯ ಹೆಸರು ಅದು. ಮಗ್ಗುಲ ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಬಡಿಗೆ ಹಿಡಿದು ಓಡಿಬಂದರು. ನಮ್ಮದು ಜೈನರ ಮನೆ. ಅಪ್ಪ ಇರುವೆಯ ಗೂಡು ಕಂಡರೂ ದಾರಿ ಬಿಟ್ಟು ನಡೆಯುವವನು. "ಬ್ಯಾಡ್ರಿ, ಹೊಡೀಬ್ಯಾಡ್ರಿ. ಅದರ ಪಾಡಿಗೆ ಅದು ಹೋಗ್ಲಿ," ಎಂದು ಕೈ ಅಡ್ಡ ಹಿಡಿದು ನಿಂತ. ಅದು ಅವಸರವಿಲ್ಲದೆ ಬದುವಿನ ಬಿಲದೊಳಗೆ ಇಳಿಯಿತು. ಅಪ್ಪನ ಮೇಲೆ ಅಂದು ನನಗೆ ಬಂದಂಥ ಸಿಟ್ಟು ಜನ್ಮದಲ್ಲಿ ಮತ್ತೊಮ್ಮೆ ಬರಲಿಲ್ಲ. ನಮ್ಮ ನಾಯಿಯನ್ನು ಮುಟ್ಟಿದ ಹುಳಕ್ಕೆ ದಾರಿ ಬೇರೆ ಬಿಡುತ್ತಾನಲ್ಲ ಎಂದು ಮನೆ ಮುಟ್ಟುವವರೆಗೂ ಅಳುತ್ತ ಬಂದೆ.

ಮನೆಗೆ ಹೊತ್ತು ತರುವಷ್ಟರಲ್ಲಿ ಮೋತ್ಯಾನ ಮೂತಿ ಊದಿ ಕಣ್ಣು ಮುಚ್ಚಿಹೋಗಿದ್ದವು. ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದೆವು. ಬಾಳು ಕಾಕಾ ಲೂನಾ ಮೊಪೆಡ್ ಹತ್ತಿ ನಿಪ್ಪಾಣಿಯ ದನದ ಡಾಕ್ಟರರ ಕಡೆ ಹೊರಟ. ಡಾಕ್ಟರು ಹೊಸಬರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗ. ಕಾಕಾ ಹೋದಾಗ ಅವರು ಕರು ಹಾಕಲಾರದೆ ಒದ್ದಾಡುತ್ತಿದ್ದ ಎಮ್ಮೆಯೊಂದರ ಹಿಂದೆ ನಿಂತಿದ್ದರಂತೆ. ಅಲ್ಲಿಂದಲೇ ಏನಾಗಿದೆ ಎಂದು ಕೇಳಿದರು. "ನಾಯಿಗಿ ಹುಳಾ ಮುಟ್ಟೇತ್ರಿ ಸಾಹೇಬ್ರ," ಎಂದ ಕಾಕಾ. "ಹುಳಾನಾ? ನೀವೇ ನೋಡಿದ್ರಾ?" ಎಂದರು ಡಾಕ್ಟರು. "ನಮ್ಮಣ್ಣ ನೋಡ್ಯಾನ್ರಿ. ದೊಡ್ಡ ಹುಳಾ." ಊಟ ಮಾಡ್ತಿದೆಯಾ ಎಂದು ಕೇಳಿದ್ದಕ್ಕೆ ಏನೂ ತಿನವಲ್ದು, ಬರೇ ಜೊಲ್ಲು ಸುರಸಾಕತ್ತೇತಿ ಎಂದ. ಡಾಕ್ಟರು ಕಂಪೌಂಡರನಿಗೆ ಹೇಳಿ ಗುಳಿಗೆ ಕೊಡಿಸಿದರು. "ಬೆಲ್ಲದಲ್ಲಿಟ್ಟು ನುಂಗಿಸಿ. ನಾಳೆ ಅಷ್ಟೊತ್ತಿಗೆ ಹುಳ ಎಲ್ಲ ಬಿದ್ದುಹೋಗುತ್ತೆ," ಎಂದರು. ಹುಳ ಬಿದ್ದುಹೋಗುವುದೆಂದರೆ ವಿಷ ಇಳಿಯುವುದು ಎಂದುಕೊಂಡು ಕಾಕಾ ಖುಷಿಯಿಂದ ಲೂನಾ ತಿರುಗಿಸಿದ.

ಅವ್ವ ಗುಳಿಗೆಯ ಪೊಟ್ಟಣ ಬಿಚ್ಚಿದವಳೇ ಕಾಕಾನ ಮುಖ ನೋಡಿದಳು. "ಇದು ಜಂತಿನ ಗುಳಗಿ. ಹ್ವಾದ ಸಲ ಕರಕ್ಕ ಹಾಕಿದ್ದಿಲ್ಲೇನು?" ಎಂದಳು. ಮೋತ್ಯಾನ ಉಸಿರು ಗೊರಗೊರ ಎನ್ನುತ್ತಿತ್ತು. ಆಗಲೇ ಮಧ್ಯಾಹ್ನ ತಿರುಗಿತ್ತು. ಆಯಿ ಕೊಟ್ಟಿಗೆಯ ಬಾಗಿಲಿಗೆ ಬಂದಳು. "ಬಾಳ್ಯಾ, ಏನಂತ ಹೇಳಿದಿ ಅವರಿಗಿ?" "ಹುಳಾ ಮುಟ್ಟೇತಿ ಅಂತ ಹೇಳೀನಿ. ಮತ್ತೇನ್ ಹೇಳ್ಲಿ?" ಎಂದ ಕಾಕಾ. ಆಗ ಆಯಿಯ ಬಾಯಿಂದ ಹೊರಟ ಶಬ್ದ ಕೇಳಿ ನನ್ನ ಮೈಯೆಲ್ಲ ಜುಮ್ಮೆಂದಿತು. "ಹಾವು ಅನ್ನಲೇ! ಹಾವು ಕಚ್ಚೇತಿ ಅಂತ ಹೇಳು ಹೋಗು! ಹಾವು! ಹಾವು!" ಎಂದು ಕೂಗಿದಳು. ಕಾಕಾನ ಲೂನಾ ಮತ್ತೆ ಹಾದಿ ಹಿಡಿದು ಕಣ್ಮರೆಯಾಗುವವರೆಗೂ ಅವಳು ಅಂಗಳದಲ್ಲಿ ನಿಂತು ಅದನ್ನೇ ಕೂಗುತ್ತಿದ್ದಳು. ಆ ಮನೆಯಲ್ಲಿ ಅಷ್ಟು ವರ್ಷ ಯಾರೂ ಆಡದಿದ್ದ ಶಬ್ದವನ್ನು ಒಬ್ಬಳೇ ಆಡಿ ಮುಗಿಸಿದಳು.

ಡಾಕ್ಟರು ಔಷಧದ ಅಂಗಡಿಗಳನ್ನೆಲ್ಲ ತಿರುಗಿ ಇಂಜೆಕ್ಷನ್ ಹುಡುಕಿಕೊಂಡು ಕಾಕಾನ ಹಿಂದೆ ಕುಳಿತು ಬಂದಾಗ ಬಿಸಿಲು ಕೆಂಪಾಗಿತ್ತು. ಅವರ ಅಂಗಿಗೆ ಎಮ್ಮೆಯ ರಕ್ತ ಇನ್ನೂ ಅಂಟಿತ್ತು. ಮೋತ್ಯಾನ ಮುಂಗಾಲಿಗೆ ಸೂಜಿ ಚುಚ್ಚಿ, ಗೂಟಕ್ಕೆ ಸಲೈನ್ ಬಾಟಲಿ ತೂಗುಹಾಕಿದರು. "ಒಂದು ಮಾತು ಹಾವು ಅಂತ ಹೇಳಿದ್ರೆ ಆಗಲೇ ಬರ್ತಿದ್ನಲ್ಲಮ್ಮ," ಎಂದರು ಆಯಿಗೆ, ನೊಂದ ದನಿಯಲ್ಲಿ. "ತಪ್ಪಾತ್ರಿ ಯಪ್ಪಾ. ಅದರ ಹೆಸರು ತಗೊಳ್ಳೂದಿಲ್ರಿ ನಾವು," ಎಂದಳು ಆಯಿ. ಹೊರಡುವಾಗ ಅವರು ಅಪ್ಪನಿಗೆ ಬಿಡಿಸಿ ಹೇಳಿದರು. ಈ ಜಾತಿಯ ಹಾವಿನ ವಿಷ ಮೂತ್ರಪಿಂಡವನ್ನು ಕೆಡಿಸುತ್ತದೆ. ನಾಯಿ ಒಂದಕ್ಕೆ ಮಾಡಿದರೆ ಬದುಕುತ್ತದೆಂಬ ಆಸೆ ಇದೆ, ಮಾಡದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ಅಲ್ಲಿಂದ ಮುಂದೆ ನಮ್ಮ ಮನೆಗೆ ಬೇರೆ ಕೆಲಸವೇ ಉಳಿಯಲಿಲ್ಲ. ಮೋತ್ಯಾನ ತಲೆ ಕುಂಬಳಕಾಯಿಯಷ್ಟಾಯಿತು, ತುಟಿ ಕಪ್ಪಾಯಿತು. ಡಾಕ್ಟರು ದಿನಾ ಬಂದು ಬಾಟಲಿ ಬದಲಿಸುತ್ತಿದ್ದರು. ಒಳಗೆ ಹೋದ ನೀರು ಹೊರಗೆ ಬರುತ್ತಿರಲಿಲ್ಲ. ನಾನು ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅವನ ಕೆಳಗಿನ ಗೋಣಿಯನ್ನು ಮುಟ್ಟಿ ನೋಡುತ್ತಿದ್ದೆ. ಒಣಗಿಯೇ ಇರುತ್ತಿತ್ತು. ಗಂಡುಮಕ್ಕಳ ಮುಂದೆ ಇಂಥ ಮಾತೆತ್ತದ ಆಯಿ ಜಪಮಾಲೆ ಹಿಡಿದು ಕುಳಿತಲ್ಲಿಂದಲೇ "ಒಂದಕ್ಕ ಹೋದನೇನ?" ಎಂದು ಕೂಗುತ್ತಿದ್ದಳು. ಹಾಲು ಒಯ್ಯಲು ಬಂದವರು ಅದನ್ನೇ ಕೇಳುತ್ತಿದ್ದರು, ಬಾವಿಕಟ್ಟೆಯವರು ಅದನ್ನೇ ಕೇಳುತ್ತಿದ್ದರು. ಕೇಳಿ ಕೇಳಿ ಆ ಪ್ರಶ್ನೆ ಸವೆದು "ಹೋದನೇನ?" ಎಂದಷ್ಟೇ ಉಳಿಯಿತು. ಅಪ್ಪ ಮಾತ್ರ ಏನೂ ಕೇಳುತ್ತಿರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ನಾನು ಅವನೊಂದಿಗೆ ಮಾತು ಬಿಟ್ಟಿದ್ದೆ. ಅವನು ಅದನ್ನೂ ಕೇಳಲಿಲ್ಲ.

ಹೊತ್ತು ಮುಳುಗುವ ಮುಂದೆ ಒಂದು ಸಂಜೆ, ಇನ್ನೇನು ಊಟಕ್ಕೆ ಕೂಡಬೇಕೆನ್ನುವಾಗ ನಾವೆಲ್ಲ ಪಡಸಾಲೆಯಲ್ಲಿದ್ದೆವು. ಕೊಟ್ಟಿಗೆಯಿಂದ ಕಾಕಾ ಕೂಗಿದ್ದು ಕೇಳಿಸಿತು. "ಹೋದಾ! ಅಣ್ಣಾ, ಮೋತ್ಯಾ ಹೋದಾ!" ಅವ್ವನ ಕೈಯಲ್ಲಿದ್ದ ತಂಬಿಗೆ ಜಾರಿತು. ನಾನು ಕಂಬ ಹಿಡಿದು ಅಳತೊಡಗಿದೆ. ಆಯಿ ಕಣ್ಣು ಮುಚ್ಚಿ ಸಾಯುವವರ ಕಿವಿಯಲ್ಲಿ ಹೇಳುವ ಮಂತ್ರ ಶುರುಮಾಡಿದಳು. ಅಪ್ಪ ಮೆಟ್ಟಿಲ ಮೇಲೆ ಕುಸಿದು ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನ ಭುಜಗಳು ಅಲುಗುತ್ತಿದ್ದವು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಹೋಗಿ ಅವನ ಕೊರಳಿಗೆ ಬಿದ್ದೆ. ಅಷ್ಟರಲ್ಲಿ ಕಾಕಾ ಹಲ್ಲು ಕಿಸಿದುಕೊಂಡು ಬಂದು ನಿಂತ. "ಯಾಕ ಹಿಂಗ ಕುಂತೀರಿ ಎಲ್ಲಾರೂ? ಒಂದಕ್ಕ ಹೋದಾ ಅಂದ್ರ! ಎದ್ದು ನಿಂತು, ಕಾಲೆತ್ತಿ ಗ್ವಾದಲಿ ತೋಯಿಸಿದಾ!" ಆಯಿ ಮಂತ್ರ ಅರ್ಧಕ್ಕೆ ಬಿಟ್ಟು, ಮೂಲೆಯ ಕಸಬರಿಗೆ ಎತ್ತಿ ಕಾಕಾನ ಬೆನ್ನಿಗೆ ಬಿಗಿದಳು. "ಪೂರಾ ಮಾತಾಡಾಕ ಏನ್ ಬ್ಯಾನಿ ನಿನಗ, ಭಾಡ್ಯಾ!" ಎನ್ನುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಂದೀಲು ಹಿಡಿದು ಹೋಗಿ ನೋಡಿದರೆ ಮೇವಿನ ಗ್ವಾದಲಿಯ ಬುಡದಲ್ಲಿ ಒದ್ದೆ ನೆಲ, ಅದರ ಪಕ್ಕ ನಡುಗುವ ಕಾಲುಗಳ ಮೇಲೆ ಮೋತ್ಯಾ. ನಾವೆಲ್ಲ ಆ ಒದ್ದೆ ನೆಲವನ್ನು ಎಷ್ಟು ಪ್ರೀತಿಯಿಂದ ನೋಡಿದೆವೆಂದರೆ ಹೇಳಲು ಈಗಲೂ ನಗು ಬರುತ್ತದೆ. ಅವನು ಖಾಲಿ ಬಟ್ಟಲನ್ನು ನೆಕ್ಕಿದ. ಜೈನರಾದ ನಾವು ಕತ್ತಲಾದ ಮೇಲೆ ಉಣ್ಣುವುದಿಲ್ಲ, ಒಲೆಯೂ ಹೊತ್ತುವುದಿಲ್ಲ. ಆಯಿ ಹಿಂದೆಮುಂದೆ ನೋಡಲಿಲ್ಲ. "ನೇಮ ನಮಗ. ಅವಗೇನೈತಿ?" ಎಂದು ತಾನೇ ಕಟ್ಟಿಗೆ ಒಟ್ಟಿ ಜೋಳದ ಅಂಬಲಿ ಕಾಸಿದಳು. ಅಂದು ಗಡಿಬಿಡಿಯಲ್ಲಿ ನಮ್ಮಲ್ಲಿ ಯಾರದೂ ಊಟವಾಗಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಸುತ್ತ ಕುಳಿತು ಅವನು ಉಣ್ಣುವುದನ್ನು ನೋಡಿದೆವು.

ಮೋತ್ಯಾನ ತುಟಿಯ ಒಂದು ತುಂಡು ಕೊಳೆತು ಉದುರಿತು. ಆ ಕಡೆಯ ಹಲ್ಲು ಸದಾ ಕಾಣುತ್ತಿದ್ದುದರಿಂದ ಬಂದವರಿಗೆ ಅವನು ಗುರ್ ಎನ್ನುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ರವದಿಯೊಳಗೆ ಮತ್ತೆ ಕಾಲಿಡಲಿಲ್ಲ. ನಾವು ಇಟ್ಟರೆ ಬದುವಿನ ಮೇಲೆ ನಿಂತು ಹೊರಗೆ ಬರುವವರೆಗೂ ಬೊಗಳುತ್ತಿದ್ದ. ನಾನು ಕಾಲೇಜಿಗೆ ಚಿಕ್ಕೋಡಿಗೆ ಹೋದ ವರ್ಷ ಮುದಿಯಾಗಿ ಸತ್ತ. ಆಮೇಲೆ ಆಯಿ, ಆಮೇಲೆ ಅಪ್ಪ, ಅವ್ವ. ಹೊಲ ಪಾಲಾಯಿತು, ಮನೆ ಕಾಕಾನ ಪಾಲಿಗೆ ಬಂದು ಕೊನೆಗೆ ಬಿದ್ದುಹೋಯಿತು, ಅದಿದ್ದ ಜಾಗದಲ್ಲಿ ಈಗ ಕಬ್ಬು ಬೆಳೆಯುತ್ತದೆ. ಎಲ್ಲಿ ಪಡಸಾಲೆ, ಎಲ್ಲಿ ಕೊಟ್ಟಿಗೆ ಎಂದು ಹೋಗಿ ಹುಡುಕಿದೆ, ಗೊತ್ತಾಗಲಿಲ್ಲ. ಬಹಳ ದುಃಖವಾಯಿತು.

ಕಾಕಾ ನಿಪ್ಪಾಣಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಈಚೆಗೆ ಮರೆವು ಹೆಚ್ಚು. ಹೋದ ಚಳಿಗಾಲದಲ್ಲಿ ನೋಡಲು ಹೋದವಳು, ನಗಲಿ ಎಂದು ಅವನಿಗೆ ಇದೇ ಕಥೆ ಹೇಳಿದೆ. ಗುಳಿಗೆಯ ಮಾತಿಗೆ ಹೊಟ್ಟೆ ಹಿಡಿದು ನಕ್ಕ. ಯಾರೋ ಬೇರೆಯವರ ಪೆದ್ದುತನ ಕೇಳಿದಂತೆ ನಕ್ಕ. ಡಾಕ್ಟರು ಬಂದು ಹೋದದ್ದು, ಗೋಣಿ ಒಣಗಿಯೇ ಇದ್ದದ್ದು ಹೇಳುತ್ತಿದ್ದಂತೆ ಅವನ ನಗು ನಿಂತಿತು. ಅಷ್ಟರಲ್ಲಿ ಸೊಸೆ ಚಹಾ ತಂದಳು, ನಾನು ಮಾತು ನಿಲ್ಲಿಸಿದೆ. ಕಾಕಾ ಕಪ್ಪು ಮುಟ್ಟಲಿಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಮುಂದ? ಆ ನಾಯಿ ಉಳೀತೇನವಾ?" ಎಂದು ಕೇಳಿದ.

"ಉಳೀತು ಕಾಕಾ," ಎಂದೆ.

"ಛಲೋ ಆತು," ಎಂದು ದೊಡ್ಡದಾಗಿ ಉಸಿರು ಬಿಟ್ಟ. ನನ್ನ ಕೈ ಬಿಡಲು ಅವನಿಗೆ ಬಹಳ ಹೊತ್ತು ಬೇಕಾಯಿತು.